ಗಾಡಿ ಕಟ್ಟುವಾಗ ಮಾತಾಡಬಾರದು

ಬೌಸ್, ಅರಿಜೋನಾ
ಜನವರಿ 21, 2016

ಆರ್ಡಿತ್,

‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ, ಬರೆಯಲಿಲ್ಲ. ನಾಲ್ಕು ದಿನದಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೀಯ. ನಿನ್ನ ದನಿ ಕೇಳಿದರೆ ಬಾಯಿಗೆ ಏನು ಬರುತ್ತದೋ ಎಂಬ ಭಯಕ್ಕೆ ನಾನು ಎತ್ತುತ್ತಿಲ್ಲ. ಕಾಗದವಾದರೆ ಬೈದದ್ದನ್ನು ಎರಡು ಸಲ ಓದಿ ನೋಡಿ ಕಳಿಸಬಹುದು.

ಇಪ್ಪತ್ತು ಚಳಿಗಾಲ ಈ ಮರಳಿನಲ್ಲಿ ಅಕ್ಕಪಕ್ಕ ಬಿಡಾರ ಹೂಡಿದವರು ನಾವು, ನಾನೂ ನನ್ನ ಗಂಡ ಡೆಲ್ಮರೂ, ನೀನೂ ನಿನ್ನ ಗಂಡ ರಾಯ್ಸೂ. ಮೊದಲನೇ ವರ್ಷ, ಮೊದಲನೇ ದಿನ, ನಿನ್ನ ಗಂಡನೇ ನನಗೆ ಹೇಳಿದ್ದು ನೆನಪಿದೆಯಾ? “ಲವಾನ್, ಮೋಟಾರ್‌ಹೋಮಿನ ಹಿಂದೆ ಕಾರು ಕಟ್ತಾ ಇರೋನ ಹತ್ರ ಮಾತಾಡಬೇಡ. ಮನೆಗೆ ಬೆಂಕಿ ಬಿದ್ರೂ ಅವನು ಪಿನ್ನು ಹಾಕೋವರೆಗೆ ತಡ್ಕೊ, ಆಮೇಲೆ ಹೇಳು.” ಬಸ್ಸನ್ನೇ ಮನೆ ಮಾಡಿಕೊಂಡ ಇಂಥ ಗಾಡಿಯಲ್ಲಿ ಬದುಕುವವರಿಗೆಲ್ಲ ಇದು ಗೊತ್ತು. ಮೊನ್ನೆ ಮೊನ್ನೆ ಗಾಡಿ ಕೊಂಡವರಿಗೂ ಗೊತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜ್ಯಾಮಿತಿ ಹೇಳಿಕೊಟ್ಟ ನಿನಗೆ ಮಾತ್ರ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ನಾನು ಅಡುಗೆಕಟ್ಟೆಯ ಕಿಟಕಿಯಿಂದ ನೋಡುತ್ತಿದ್ದೆ. ಡೆಲ್ಮರ್ ಹಿಂದೆ ಮೊಣಕಾಲೂರಿ ಕೂತಿದ್ದ. ಕಾರನ್ನು ಗಾಡಿಗೆ ಬಿಗಿಯುವ ಎರಡು ತೋಳುಗಳಲ್ಲಿ ಬಲಗಡೆಯದಕ್ಕೆ ಪಿನ್ನು ಹಾಕಿ ಎಡಗಡೆಗೆ ಹೊರಳುತ್ತಿದ್ದ. ನೀನು ಕೈಯಲ್ಲಿ ಕಪ್ಪು ಹಿಡಿದು ಅವನ ತಲೆಯ ಮೇಲೆ ನಿಂತು ಏನೋ ಹೇಳುತ್ತಿದ್ದೆ. ಅಷ್ಟು ಸಾಲದು ಎಂಬಂತೆ ಆಮೇಲೆ ಒಳಗೆ ಬಂದು ನನ್ನ ತಲೆಯನ್ನೂ ತಿಂದೆ. ಎಡಗಡೆಯ ಪಿನ್ನು ಬೀಳಲೇ ಇಲ್ಲ.

ಹೋಪ್ ಊರು ಇನ್ನೂ ಮೂರು ಮೈಲಿ ಇರುವಾಗ ನಮ್ಮ ಕಾರು ಒಂದೇ ತೋಳಿಗೆ ನೇತುಬಿದ್ದು ಎದುರು ದಾರಿಗೆ ಹೋಯಿತು. ಹಿಂದೆ ನಿನ್ನ ಗಾಡಿಯಲ್ಲಿ ಬರುತ್ತಿದ್ದವಳು ನೀನು, ನನಗಿಂತ ಚೆನ್ನಾಗಿ ನೋಡಿದ್ದೀಯ. ಹುಲ್ಲು ತುಂಬಿಕೊಂಡು ಎದುರಿಗೆ ಬರುತ್ತಿದ್ದ ಆ ಪಿಕಪ್ ಮರಳಿಗೆ ಇಳಿಯದಿದ್ದರೆ ಅದನ್ನು ಓಡಿಸುತ್ತಿದ್ದ ಹೆಂಗಸು ಇವತ್ತು ಮಣ್ಣಿನಲ್ಲಿರುತ್ತಿದ್ದಳು. ಅವಳು ಇಳಿದು ಬಂದಳು, ಬೈಯಲು ಬಾಯಿ ತೆರೆದಳು, ಡೆಲ್ಮರನ ಮುಖ ನೋಡಿದಳು, ತಿರುಗಿ ಹೋಗಿ ಪಿಕಪ್ ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ನೀನು ಬಂದೆ. “ಪೆಟ್ಟಾಯ್ತಾ” ಎಂದು ಕೇಳಲಿಲ್ಲ. ಅವನ ಮುಂದೆ ಕೈ ಚಾಚಿ “ಕೀಲಿ ಕೊಡು ಡೆಲ್ಮರ್” ಅಂದೆ. ಶಾಲೆಯಲ್ಲಿ ಹುಡುಗನ ಕೈಯಿಂದ ಚೂಯಿಂಗ್ ಗಮ್ ಕಿತ್ತುಕೊಳ್ಳುವ ಹಾಗೆ. ಮೂವತ್ತೊಂದು ವರ್ಷ ಹಿಮದಲ್ಲಿ ಊರ ಮಕ್ಕಳ ಬಸ್ಸು ಓಡಿಸಿ ಒಂದು ಮಗುವಿಗೂ ಗೀರು ಬೀಳದ ಹಾಗೆ ಮನೆಗೆ ಮುಟ್ಟಿಸಿದವನು ಅವನು. ನೀನು ಮಾಡಿದ ತಪ್ಪಿಗೆ ಅವನ ಕೀಲಿ ಕೇಳುತ್ತೀಯಾ?

ಕಾರಿನ ತೋಳು ಬಗ್ಗಿದೆ. ರಿಪೇರಿಗೆಂದು ಮತ್ತೆ ಬೌಸ್‌ಗೇ ಬಂದು ನಮ್ಮ ಹಳೆಯ ಜಾಗದಲ್ಲೇ ನಿಂತಿದ್ದೇವೆ. ಎಲ್ಲರೂ ಹೊರಟಿದ್ದ ಅಹೋಗೆ ಇನ್ನು ನಿನ್ನ ಜೊತೆ ಬರುವುದಿಲ್ಲ. ನಿನ್ನ ಬೀನ್ಸ್ ಪಾತ್ರೆ ನನ್ನ ಹತ್ತಿರ ಉಳಿದಿದೆ. ತೊಳೆದಿಟ್ಟಿದ್ದೇನೆ.

ಲವಾನ್


ಅಹೋ, ಅರಿಜೋನಾ
ಜನವರಿ 30, 2016

ಲವಾನ್,

ಎರಡು ಸಲ ಓದಿ ಕಳಿಸಿದೆ ಎಂದಿದ್ದೀಯ. ಮೂರನೇ ಸಲ ಓದಿದ್ದರೆ ನಿನಗೇ ನಾಚಿಕೆಯಾಗುತ್ತಿತ್ತು.

ಮೊದಲು ಬಾಯಿ ಬಿಟ್ಟವಳು ನಾನಲ್ಲ. ನಾನು ನಿನ್ನ ಹತ್ತಿರ ಸಕ್ಕರೆ ಕೇಳಲು ಬರುತ್ತಿದ್ದೆ. ಗಾಡಿಯ ಹಿಂದಿನಿಂದ ಹಾದುಹೋಗುವಾಗ ಅವನು ತಲೆಯೆತ್ತಿ ನನ್ನನ್ನು ಒಂದು ಮಾತು ಕೇಳಿದ. ಏನು ಕೇಳಿದ ಎಂದು ನಾನು ಬರೆಯುವುದಿಲ್ಲ. ನಿನಗಿರುವ ಸಂಕಟವೇ ಸಾಕು. ಆದರೆ ನನ್ನ ತಲೆ ಮೇಲೆ ಗೂಬೆ ಕೂರಿಸಬೇಡ, ಅದು ಅಲ್ಲಿ ಕೂರುವುದಿಲ್ಲ.

ಈ ಸಲ ಐದು ದಿನ ನಿಮ್ಮ ಜೊತೆ ಇದ್ದೆ. ನಾನು ಕುರುಡಿಯೇನೇ? ಹಿಮದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡ ಕಥೆಯನ್ನು ಒಂದೇ ಊಟದಲ್ಲಿ ಮೂರು ಸಲ ಹೇಳಿದ. ಮೂರು ಸಲವೂ ನೀನು ಹೊಸದಾಗಿ ಕೇಳಿದವಳ ಹಾಗೆ ನಕ್ಕೆ. ಗಾಡಿ ಮಟ್ಟ ಮಾಡುವ ಮರದ ಹಲಗೆಯನ್ನು ಎತ್ತರದ ಕಡೆಯ ಚಕ್ರದ ಕೆಳಗೆ ಇಟ್ಟು, ಗಾಡಿ ಇನ್ನಷ್ಟು ವಾಲಿದಾಗ “ಈ ನೆಲವೇ ಸರಿಯಿಲ್ಲ” ಎಂದು ರೇಗಿದ. ನೀನು “ಹೌದು, ನೆಲ ಸರಿಯಿಲ್ಲ” ಅಂದೆ! ಇಸ್ಪೀಟು ಆಡುವಾಗ ಮೇಜಿನ ಕೆಳಗೆ ಕಾಲಿನಿಂದ ತಟ್ಟಿ ಅವನ ಅಂಕ ಹೇಳಿಕೊಡುತ್ತಿದ್ದೆ. ಒಂದು ಸಲ ತಪ್ಪಿ ನನ್ನ ಕಾಲಿಗೆ ತಟ್ಟಿದೆ, ಲವಾನ್. ನಾಲ್ಕು ಸಲ ತಟ್ಟಿದೆ. ನಾನು ನಾಲ್ಕು ಅಂಕ ಹಾಕಿಕೊಳ್ಳಬಹುದಿತ್ತು.

ಇಲ್ಲಿ ಪೋಸ್ಟಾಫೀಸಿನ ಎದುರಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಸಿಟ್ಟಿಗೆ ಪೆನ್ನು ಕಾಗದವನ್ನು ತೂತು ಮಾಡುತ್ತಿದೆ. ಏಪ್ರಿಲ್‌ನಲ್ಲಿ ನೀವು ಮಗಳ ಹತ್ತಿರ ರ‍್ಯಾಪಿಡ್ ಸಿಟಿಗೆ ಹೊರಡುತ್ತೀರಿ. ಹೋಗುವ ದಾರಿಯಲ್ಲಿ ಕ್ಯಾಂಪ್ ವರ್ಡೆಗೆ ಇಳಿಯುವ ಘಾಟಿ ಇದೆ. ಹನ್ನೆರಡು ಟನ್ನಿನ ಗಾಡಿ, ಹಿಂದೆ ಕಾರು, ಮುಂದೆ ಯಾರ ಯಾರದೋ ಮಕ್ಕಳು ಕೂತ ವ್ಯಾನುಗಳು. ಅಲ್ಲಿ ಅವನು ಬ್ರೇಕಿನ ಬದಲು ಬೇರೆ ಏನನ್ನಾದರೂ ತುಳಿದರೆ ಯಾವ ನೆಲವನ್ನು ಬೈಯುತ್ತೀಯ?

ಹೌದು, ಕೀಲಿ ಕೇಳಿದೆ. ಮತ್ತೆ ಕೇಳುತ್ತೇನೆ.

ಆರ್ಡಿತ್


ಬೌಸ್
ಫೆಬ್ರವರಿ 6, 2016

ಆರ್ಡಿತ್ ಮೇಡಂ,

ಪಾಠ ಮುಗಿಯಿತಾ?

ನಿನಗೇನಮ್ಮ, ನಿನಗೆ ಗಾಡಿ ಓಡಿಸಲು ಬರುತ್ತದೆ. ನನಗೆ ಬರುವುದಿಲ್ಲ. ಕಾರು ಓಡಿಸುತ್ತೇನೆ, ಈ ಆನೆಯನ್ನಲ್ಲ. ಸ್ಟೇರಿಂಗ್ ಹಿಂದೆ ಒಂದು ಸಲ ಕೂತೂ ನೋಡಿಲ್ಲ. ಊರಿನ ಮನೆ ಮಾರಿ ಒಂಬತ್ತು ವರ್ಷವಾಯಿತು. ಈ ಗಾಡಿಯೇ ನಮ್ಮ ಮನೆ, ಇದರ ಸೋಫಾವೇ ನಮ್ಮ ಪಡಸಾಲೆ. ಅವನು ಕೀಲಿ ಕೊಟ್ಟ ದಿನ ಈ ಮನೆ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಏನು ಮಾಡಲಿ? ಮಗಳ ಮನೆಯ ನೆಲಮಾಳಿಗೆಯಲ್ಲಿ ಹಾಸಿಗೆ ಹಾಕಿಸಿಕೊಂಡು, ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಗೋಡೆ ನೋಡುವುದನ್ನು ನಾನು ನೋಡುತ್ತಾ ಕೂರಲಾ? ಹೇಳು, ಜ್ಯಾಮಿತಿಯಲ್ಲಿ ಇದಕ್ಕೆ ಏನಾದರೂ ಉತ್ತರ ಇದೆಯಾ?

ನೀನು ಬೋಧನೆ ಮಾಡಿದೆ, ನಾನೂ ಒಂದು ಮಾತು ಹೇಳುತ್ತೇನೆ. ಕೊನೆಯ ಎರಡು ವರ್ಷ ರಾಯ್ಸ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತು “ಸಿಗ್ನಲ್ ಕೆಂಪು ರಾಯ್ಸ್”, “ಎಡಕ್ಕೆ ತಿರುವಿದೆ ರಾಯ್ಸ್” ಎಂದು ಅವನಿಗೆ ದಾರಿ ಓದಿ ಹೇಳುತ್ತಿದ್ದವಳು ಯಾರು? ನಿಮ್ಮ ಹೆಡ್‌ಲೈಟ್ ಒಡೆದುಕೊಂಡು ಬಂದ ಸಂಜೆ ಕಲ್ಲು ಸಿಡಿಯಿತು ಅಂದಿರಿ. ಕಲ್ಲಿಗೆ ಕೂದಲು ಇರುತ್ತದಾ ಆರ್ಡಿತ್? ಬಂಪರಿನಲ್ಲಿ ಸಿಕ್ಕಿಕೊಂಡಿದ್ದ ಬೂದು ಕೂದಲನ್ನು ಡೆಲ್ಮರ್ ಕಿತ್ತು, ನೀರು ಹಾಕಿ ತೊಳೆದು, ಹೆಡ್‌ಲೈಟ್ ಹಾಕಿಕೊಟ್ಟ. ನಾವಿಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಿನ್ನ ಮಗನಿಗೆ ಫೋನ್ ಮಾಡಲಿಲ್ಲ. ನಿನ್ನ ಗಂಡನ ಮುಂದೆ ಕೈ ಚಾಚಲಿಲ್ಲ.

ಅದಕ್ಕೆ ಸ್ನೇಹ ಅನ್ನುತ್ತಾರೆ.

ಲವಾನ್


ಅಹೋ
ಫೆಬ್ರವರಿ 17, 2016

ಲವಾನ್,

ಅದಕ್ಕೆ ಸ್ನೇಹ ಅನ್ನುವುದಿಲ್ಲ. ಆ ಕೂದಲು ನೋಡಿದ ಕೂಡಲೇ ನೀನು ನನ್ನ ಕೆನ್ನೆಗೆ ಒಂದು ಬಿಟ್ಟಿದ್ದರೆ ಅದಕ್ಕೆ ಅನ್ನಬಹುದಿತ್ತು.

ಅದು ಕಾಡುಕತ್ತೆ. ಸಂಜೆಯ ಹೊತ್ತು, ಕ್ವಾರ್ಟ್ಸ್‌ಸೈಟ್ ದಾಟಿದ ಮೇಲೆ. ನಾನು ಒಂದು ಕ್ಷಣ ತಲೆ ಬಗ್ಗಿಸಿ ಥರ್ಮಾಸ್‌ನ ಮುಚ್ಚಳ ತಿರುಗಿಸುತ್ತಿದ್ದೆ, ಅಷ್ಟೇ. ಆ ಒಂದು ಕ್ಷಣ ಅವನಿಗೆ ಕಣ್ಣಿರಲಿಲ್ಲ. ಸತ್ತದ್ದು ತಾಯಿ. ಮರಿ ರಸ್ತೆಯಂಚಿನಲ್ಲಿ ನಿಂತಿತ್ತು, ಓಡಲಿಲ್ಲ. ರಾಯ್ಸ್ “ಏನದು, ಏನಾಯ್ತು ಆರ್ಡಿ, ಕಲ್ಲಾ?” ಅಂದ. ನಾನು “ಹೂಂ, ಕಲ್ಲು” ಅಂದೆ. ಅವನು ಸಾಯುವವರೆಗೂ ಅದನ್ನು ಕಲ್ಲೆಂದೇ ನಂಬಿದ್ದ. ಕತ್ತೆಯ ಜಾಗದಲ್ಲಿ ಮನುಷ್ಯರು ನಿಂತಿದ್ದರೂ ನಾನು ಕಲ್ಲು ಎಂದೇ ಹೇಳುತ್ತಿದ್ದೆನೇನೋ. ಅಷ್ಟು ಕೆಟ್ಟುಹೋಗಿದ್ದೆ ನಾನು, ಅವನ ಮರ್ಯಾದೆ ಕಾಪಾಡುತ್ತಾ.

ನಿಮಗಿಬ್ಬರಿಗೂ ಗೊತ್ತಿತ್ತು ಎಂದು ಇವತ್ತು ತಿಳಿಯಿತು. ಮೈಯೆಲ್ಲ ಉರಿಯುತ್ತಿದೆ. ಗೊತ್ತಿದ್ದೂ ಬಂಪರು ತೊಳೆದುಕೊಟ್ಟಿರಾ? ಮಾರನೆಯ ದಿನ ನಮ್ಮನ್ನು ಮತ್ತೆ ರಸ್ತೆಗೆ ಕಳಿಸಿ ಕೈ ಬೀಸಿದಿರಾ? ಅವನು ಹಾಸಿಗೆಯಲ್ಲಿ ಸತ್ತದ್ದು ನಮ್ಮ ಪುಣ್ಯ, ನಮ್ಮ ಬುದ್ಧಿವಂತಿಕೆಯಲ್ಲ.

ಆದ್ದರಿಂದ ಕೇಳು. ನಿನ್ನ ಮಗಳು ರಾಕ್ಸಿಗೆ ಕಾಗದ ಬರೆದಿದ್ದೇನೆ. ಲಕೋಟೆಗೆ ಹಾಕಿ ಸ್ಟಾಂಪೂ ಅಂಟಿಸಿದ್ದೇನೆ. ಮಾರ್ಚ್ ಹದಿನೈದರೊಳಗೆ ನೀನೇ ಅವಳಿಗೆ ತಿಳಿಸದಿದ್ದರೆ ಅದು ಪೋಸ್ಟ್ ಡಬ್ಬಿಗೆ ಬೀಳುತ್ತದೆ. ನೀನು ನನ್ನನ್ನು ಜನ್ಮವಿಡೀ ದ್ವೇಷಿಸು. ಆ ಘಾಟಿಯ ಕೆಳಗೆ ನಿಮ್ಮನ್ನು ಬಾಚಿ ತೆಗೆಯುವುದಕ್ಕಿಂತ ಅದು ವಾಸಿ.

ಆರ್ಡಿತ್


ಬೌಸ್
ಫೆಬ್ರವರಿ 25, 2016

ಹಾಕು. ಈಗಲೇ ಹೋಗಿ ಹಾಕು.

ಒರೆಗಾನ್‌ನಿಂದ ಯಾರೋ ಗಂಡ ಹೆಂಡತಿ ಬಂದಿದ್ದಾರೆ. ಜಾಗ ಹುಡುಕುತ್ತಿದ್ದರು. ನಮ್ಮ ಪಕ್ಕದಲ್ಲಿ ರಾಯ್ಸ್ ಜೋಡಿಸಿದ ಕಲ್ಲಿನ ಸುತ್ತು ಇದೆಯಲ್ಲ, ಹತ್ತೊಂಬತ್ತು ವರ್ಷ ಬೇರೆ ಯಾರೂ ಗಾಡಿ ನಿಲ್ಲಿಸದ ಜಾಗ, ಅವನು ಸತ್ತ ಮೇಲೂ ಈ ಬಯಲಿನವರೆಲ್ಲ ನಿನಗೆಂದು ಬಿಟ್ಟಿದ್ದ ಜಾಗ. “ಅದರಲ್ಲಿ ನಿಲ್ಸಿಕೊಳ್ಳಿ, ಅದಕ್ಕೆ ಯಾರೂ ವಾರಸುದಾರರಿಲ್ಲ” ಅಂದೆ. ನಿಲ್ಲಿಸಿಕೊಂಡಿದ್ದಾರೆ. ಬೆಳಿಗ್ಗೆ ಎಂಟಕ್ಕೇ ಜನರೇಟರ್ ಹಾಕುತ್ತಾರೆ. ನಿನಗಿಂತ ಒಳ್ಳೆಯ ನೆರೆ.

ಇನ್ನು ಬರೆಯಬೇಡ.

ಲ.


ಬೌಸ್
ಮಾರ್ಚ್ 8, 2016

ಆರ್ಡಿತ್,

ಬರೆಯಬೇಡ ಅಂದೆ, ನೀನು ನಿಜವಾಗಿಯೂ ಬರೆಯಲಿಲ್ಲ. ಯಾವ ಮಾತನ್ನೂ ಕೇಳದವಳು ಇದನ್ನೊಂದು ಕೇಳಿದೆ.

ಒರೆಗಾನ್‌ನವರು ಹೋದರು. ಕಲ್ಲುಗಳನ್ನು ಕಾಲಿನಿಂದ ಒದ್ದು ಚೆಲ್ಲಾಡಿದ್ದರು. ನಾನು ನಿನ್ನೆ ಅವನ್ನೆಲ್ಲ ಎತ್ತಿ ಮೊದಲಿನ ಹಾಗೆ ಇಟ್ಟೆ, ಸೊಂಟ ಹಿಡಿದುಕೊಂಡಿದೆ. ಇದನ್ನು ಕ್ಷಮೆ ಎಂದು ತಿಳಿಯಬೇಡ.

ಮಗಳಿಗೆ ಫೋನ್ ಮಾಡಿದೆ. ಮೂರು ಸಲ ಮಾಡಿದೆ. ಮೂರು ಸಲವೂ ಅವಳ ನಾಯಿಯ ಬಗ್ಗೆ ಮಾತಾಡಿ ಇಟ್ಟೆ.

ಈಗ ನಾನು ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ನಿನ್ನ ಮೇಲಿನ ಪ್ರೀತಿಗಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ಮೂರು ಚಳಿಗಾಲದಿಂದ ನಾವು ಹೊರಡುವ ಪ್ರತಿ ಬೆಳಿಗ್ಗೆಯೂ ಡೆಲ್ಮರ್ ಕಾರು ಕಟ್ಟಿ ಮುಂದೆ ಹೋಗಿ ಸೀಟಿನಲ್ಲಿ ಕೂತ ಮೇಲೆ, ಕಸದ ಚೀಲ ಹಾಕಿ ಬರುವ ನೆಪದಲ್ಲಿ ನಾನು ಹಿಂದೆ ಹೋಗುತ್ತೇನೆ. ನೈಟಿಯ ಮೇಲೆ ಕೋಟು ಹಾಕಿಕೊಂಡು, ಮರಳಲ್ಲಿ ಮೊಣಕಾಲೂರಿ, ಎರಡೂ ಪಿನ್ನು, ಎರಡೂ ಕ್ಲಿಪ್ಪು, ಸರಪಳಿ, ದೀಪದ ವಯರು, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ. ಮೊದಲ ವರ್ಷ ಒಂದು ಸಲ ಕ್ಲಿಪ್ಪು ಬಿಟ್ಟಿದ್ದ. ಎರಡನೇ ವರ್ಷ ಐದು ಸಲ. ಈ ವರ್ಷ ಲೆಕ್ಕ ಇಡುವುದನ್ನು ಬಿಟ್ಟೆ. ಸರಿಮಾಡಿ ಎದ್ದು ಬಂದು ಅವನ ಪಕ್ಕ ಕೂತು “ಹೊರಡೋಣ್ವಾ?” ಅನ್ನುತ್ತೇನೆ. ಅವನಿಗೆ ಏನೂ ಗೊತ್ತಿಲ್ಲ.

ಆ ಭಾನುವಾರ ನೀನು ಸಕ್ಕರೆ ಬೇಕೆಂದು ಒಳಗೆ ಬಂದು ಬಾಗಿಲಲ್ಲಿ ಅಡ್ಡ ನಿಂತೆ. ಮುಖ ಒಂಥರಾ ಇತ್ತು ನಿನ್ನದು. ಏನೇನೋ ಮಾತಾಡಿದೆ, ಹವಾಮಾನ, ಅಹೋದಲ್ಲಿ ಪೈ ಸಿಗುವ ಅಂಗಡಿ. ನಾನು ಕಸದ ಚೀಲ ಕೈಯಲ್ಲಿ ಹಿಡಿದು ನಿಂತಿದ್ದೆ, ಅದನ್ನೂ ನೀನು ನೋಡಲಿಲ್ಲ. ನಿನ್ನನ್ನು ತಳ್ಳಿ ಹೋದರೆ ನಿನಗೆ ಗೊತ್ತಾಗುತ್ತದೆ. ಹೋಗದಿದ್ದರೆ ಪಿನ್ನು. ನಾನು ಯೋಚಿಸುತ್ತಿರುವಾಗಲೇ ಅವನು ಎಂಜಿನ್ ಹಾಕಿ ಹಾರ್ನ್ ಮಾಡಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಇವತ್ತೊಂದು ದಿನ ಸರಿಯಾಗಿ ಹಾಕಿರುತ್ತಾನೆ ಎಂದುಕೊಂಡೆ.

ನಿನ್ನ ಮೇಲೆ ಯಾಕೆ ಇಷ್ಟು ಕೋಪ ಎಂದು ಈಗ ಗೊತ್ತಾಯಿತಾ? ನಿನ್ನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಾನು ಒಬ್ಬ ಹೆಂಗಸನ್ನು ಕೊಲ್ಲುತ್ತಿದ್ದೆ.

ಹದಿನೈದಕ್ಕೆ ಇನ್ನು ಒಂದು ವಾರ ಇದೆ. ನಿನಗೆ ಸರಿ ಕಂಡದ್ದು ಮಾಡು.

ಲವಾನ್


ಅಹೋ
ಮಾರ್ಚ್ 13, 2016

ಲವಾನ್,

ಕಸದ ಚೀಲ ನೋಡಿದ್ದೆ. ಕಸ ಹಾಕಲು ಇಷ್ಟು ಆತುರ ಏಕೆ ಇವಳಿಗೆ ಎಂದುಕೊಂಡಿದ್ದೆ. ಮೂರು ವರ್ಷ! ಒಬ್ಬಳೇ! ನನ್ನ ಹತ್ತಿರ ಒಂದು ಮಾತು ಹೇಳಿದ್ದರೆ ಬಾಯಿ ಸವೆದುಹೋಗುತ್ತಿತ್ತಾ? ನಿನ್ನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿದೆ.

ನೀನು ಹೊಟ್ಟೆಯಲ್ಲಿದ್ದದ್ದು ಹೇಳಿದೆ, ಈಗ ನಾನೂ ಹೇಳಬೇಕು. ಅವನು ಮೊಣಕಾಲೂರಿ ಕೂತವನು ತಲೆಯೆತ್ತಿ ನಗುತ್ತಾ ಕೇಳಿದ್ದು ಇದು: “ಎಲ್ಲಿ ನಿನ್ನ ಗಂಡ? ಇನ್ನೂ ಬಿದ್ದುಕೊಂಡಿದಾನಾ ಸೋಮಾರಿ? ಹೊರಡೋ ಹೊತ್ತಾಯ್ತು ಅಂತ ಎಬ್ಬಿಸು ರಾಯ್ಸ್‌ನ.”

ಮಲಗಿದ್ದಾನೆ ಅನ್ನಬಹುದಿತ್ತು ನಾನು. ಎಬ್ಬಿಸುತ್ತೇನೆ ಎಂದು ಮುಂದೆ ಹೋಗಬಹುದಿತ್ತು. ರಾಯ್ಸ್‌ಗೆ ಎರಡು ವರ್ಷ ಸುಳ್ಳು ಹೇಳಿದವಳಿಗೆ ಇನ್ನೊಂದು ಸುಳ್ಳು ಭಾರವಾಗುತ್ತಿರಲಿಲ್ಲ. ಆದರೆ ಆ ಹೆಸರು ಕೇಳಿದ ಕೂಡಲೇ ನನಗೆ ಕೋಪ ಬಂತು. ಇವನಿಗಾದರೆ ರಾಯ್ಸ್ ಇನ್ನೂ ಬದುಕಿದ್ದಾನೆ, ನನಗೆ ಮಾತ್ರ ಯಾಕೆ ಇಲ್ಲ ಎಂಬ ಕೋಪ. “ರಾಯ್ಸ್ ಸತ್ತು ಎರಡು ವರ್ಷ ಆಯ್ತು ಡೆಲ್ಮರ್” ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅವನ ನಗು ಹಾಗೇ ಇತ್ತು, ಮುಖ ಮಾತ್ರ ಬಿಳಿಚಿಕೊಂಡಿತು. ನಾನು ನಿಲ್ಲಲಿಲ್ಲ. ಒಳಗೆ ಬಂದು ನಿನ್ನ ಬಾಗಿಲಲ್ಲಿ ನಿಂತು ಪೈ ಬಗ್ಗೆ ಮಾತಾಡಿದೆ.

ಆದ್ದರಿಂದ ಮೊದಲ ಕಾಗದದಲ್ಲಿ ನೀನು ಬರೆದದ್ದು ಸರಿ. ಅವನು ಗಾಡಿ ಕಟ್ಟುತ್ತಿದ್ದಾಗ ನಾನು ಮಾತಾಡಿದೆ. ಅದಕ್ಕಿಂತ ಕೆಟ್ಟದಾಗಿ ಯಾರೂ ಮಾತಾಡಿರಲಾರರು.

ರಾಕ್ಸಿಯ ಲಕೋಟೆ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಹಳದಿ ತಿರುಗುತ್ತಿದೆ. ದಿನಾ ಪೋಸ್ಟ್ ಡಬ್ಬಿಯವರೆಗೆ ಹೋಗಿ ವಾಪಸು ತರುತ್ತೇನೆ. ಹದಿನೈದಕ್ಕೂ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಘಾಟಿ ಅಲ್ಲೇ ಇದೆ ಲವಾನ್, ಅದೇನೂ ಕರಗುವುದಿಲ್ಲ.

ಆರ್ಡಿತ್


ಬೌಸ್
ಮಾರ್ಚ್ 21, 2016

ಆರ್ಡಿತ್,

ಇದು ಡೆಲ್ಮರ್. ಈ ಕಾಗದವನ್ನು ಮೂರು ದಿನ ಬರೆದಿದ್ದೇನೆ. ಒಂದೇ ಮಾತು ಎರಡು ಸಲ ಬಂದಿದ್ದರೆ ಒಂದನ್ನು ನೀನೇ ಹೊಡೆದುಹಾಕಿಕೋ, ಟೀಚರಮ್ಮ ತಾನೇ.

ಪೋಸ್ಟಾಫೀಸಿಗೆ ನಡೆದು ಹೋಗಿ ಕಾಗದ ತರುವವನು ನಾನು. ಎರಡು ತಿಂಗಳಿಂದ ನಿನ್ನ ಅಕ್ಷರದ ಲಕೋಟೆಗಳನ್ನು ನನ್ನ ಕೈಯಿಂದಲೇ ಅವಳಿಗೆ ಕೊಡುತ್ತಿದ್ದೇನೆ. ಅವಳು ಓದಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಅದರೊಳಗೆ ಇರುವುದು ನಾನು ಎಂದು ತಿಳಿಯದಷ್ಟು ತಲೆ ಕೆಟ್ಟಿಲ್ಲ ನನಗೆ. ಹೋದ ವಾರದ್ದನ್ನು ದಾರಿಯಲ್ಲೇ ಒಡೆದು ಓದಿದೆ. ಆಮೇಲೆ ಡಬ್ಬದಲ್ಲಿದ್ದವನ್ನೂ ಓದಿದೆ. ಬೇರೆಯವರ ಕಾಗದ ಒಡೆಯುವುದು ತಪ್ಪು. ಇರುವ ಮನುಷ್ಯನನ್ನು ಸತ್ತವನ ಹಾಗೆ ಬೆನ್ನ ಹಿಂದೆ ಹಂಚಿಕೊಳ್ಳುವುದೂ ತಪ್ಪು. ಇಬ್ಬರ ಮೇಲೂ ನನಗೆ ವಿಪರೀತ ಕೋಪವಿದೆ.

ನನಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದಾಳೆ ಅವಳು. ಬಸ್ಸು ಓಡಿಸಿದವನಿಗೆ ಕನ್ನಡಿ ನೋಡುವುದೇ ಕಸುಬು. ಮೂರು ವರ್ಷದಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನೆ. ಅವಳು ಕಸದ ಚೀಲ ಹಿಡಿದು ಹೋಗುತ್ತಾಳೆ, ಬಗ್ಗುತ್ತಾಳೆ, ಏಳುತ್ತಾಳೆ, ಮೊಣಕಾಲಿನ ಮರಳು ಒರೆಸಿಕೊಳ್ಳುತ್ತಾಳೆ. ಅವಳು ಒಳಗೆ ಬಂದು ಕೂರುವವರೆಗೆ ನಾನು ಎಂಜಿನ್ ಹಾಕುವುದಿಲ್ಲ. ಕಾಫಿ ಕುಡಿಯುತ್ತಿರುತ್ತೇನೆ. ಕಪ್ಪು ಖಾಲಿಯಾಗಿದ್ದರೂ ಕುಡಿಯುತ್ತಿರುತ್ತೇನೆ.

ಆ ಭಾನುವಾರ ಅವಳು ಬಗ್ಗಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊರಟೆ.

ರಾಯ್ಸ್‌ನ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನು, ಆರ್ಡಿತ್. ಎಡಗಡೆ ಮುಂದಿನ ಮೂಲೆ ನನ್ನದು. ಅದನ್ನೇ ಮರೆತು ನಿನ್ನ ಹತ್ತಿರ ಹಾಗೆ ಕೇಳಿದೆ. ನೀನು ಹೋದ ಮೇಲೆ ಪಿನ್ನು ಕೈಯಲ್ಲೇ ಇತ್ತು, ಯಾಕೆ ಇದೆ ಎಂದು ತೋಚಲಿಲ್ಲ. ಜೇಬಿಗೆ ಹಾಕಿಕೊಂಡೆ. ಸೀಟಿನಲ್ಲಿ ಕೂತೆ. ನನ್ನ ತಲೆಯ ಮೇಲೆ ನನಗೇ ಎಂಥ ಕೋಪ ಬಂತೆಂದರೆ, ಒಂದು ಸಲ, ಒಂದೇ ಒಂದು ಸಲ, ಯಾರೂ ಬಂದು ಮುಟ್ಟಿ ನೋಡದೆ ನಾನು ಕಟ್ಟಿದ ಗಾಡಿ ಸರಿಯಾಗಿ ಹೋಗಲಿ ಅನ್ನಿಸಿತು. ಹಾರ್ನ್ ಮಾಡಿದೆ. ಪಿನ್ನು ಇವತ್ತೂ ಆ ಪ್ಯಾಂಟಿನ ಜೇಬಿನಲ್ಲಿದೆ.

ನೀವಿಬ್ಬರೂ ಅದು ನನ್ನ ತಪ್ಪು, ನಿನ್ನ ತಪ್ಪು ಎಂದು ಕಿತ್ತಾಡಿ ಹಂಚಿಕೊಂಡಿರಿ. ನನಗೆ ಚೂರೂ ಉಳಿಸಲಿಲ್ಲ. ಅದು ನನ್ನದು. ಅದನ್ನಾದರೂ ನನಗೆ ಬಿಡಿ.

ನಿನ್ನ ಹಳದಿ ಲಕೋಟೆ ಹರಿದುಹಾಕು. ರಾಕ್ಸಿಗೆ ನಾನೇ ಬರೆದೆ.

ಡೆಲ್ಮರ್


ಬೌಸ್
ಏಪ್ರಿಲ್ 1, 2016

ಆರ್ಡಿತ್,

ಮೂರು ವರ್ಷ! ಮರಳಲ್ಲಿ ಮೊಣಕಾಲು ತರಚಿಕೊಂಡು, ಚಳಿಗೆ ಹಲ್ಲು ಕಟಕಟ ಅನ್ನುತ್ತಾ, ಅವನಿಗೆ ಗೊತ್ತಾಗಬಾರದೆಂದು ಖಾಲಿ ಕಸದ ಚೀಲಕ್ಕೆ ದಿನಪತ್ರಿಕೆ ತುರುಕಿಕೊಂಡು ಹೋಗುತ್ತಿದ್ದೆ ನಾನು. ಆ ಮಹಾರಾಯ ಕನ್ನಡಿಯಲ್ಲಿ ನೋಡುತ್ತಾ ಖಾಲಿ ಕಪ್ಪು ಕುಡಿಯುತ್ತಿದ್ದನಂತೆ, ನಿನಗೆ ಬರೆದ ಮೇಲೆ ತಾನೇ ನನಗೂ ಹೇಳಿದ! ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಮೂರನೇ ದಿನ ಅವನು ಆ ಪಿನ್ನನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ. ನಾನು ಅದನ್ನು ಎತ್ತಿ ಅವನ ಕಡೆಗೇ ಎಸೆದೆ. ತಗಲಲಿಲ್ಲ. ಆಮೇಲೆ ಇಬ್ಬರೂ ಅತ್ತೆವು.

ಕಾರಿನ ತೋಳು ರಿಪೇರಿಯಾಗಿ ಬಂತು. ಸರಿಯಾಗಿದೆಯೋ ನೋಡೋಣ, ಬಾವಿಯವರೆಗೆ ಹೋಗಿ ಬರೋಣ ಎಂದು ನಿನ್ನೆ ಬೆಳಿಗ್ಗೆ ಅವನು ಕಾರು ಕಟ್ಟಿದ. ನಾನು ಅವನ ಎದುರೇ ಹೋಗಿ, ಅವನು ನೋಡುತ್ತಿದ್ದ ಹಾಗೇ, ಒಂದೊಂದನ್ನೂ ಮುಟ್ಟಿ ನೋಡಿದೆ. ಎಲ್ಲ ಸರಿಯಿತ್ತು. ಬಂದು ನನ್ನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡೆ. ಅವನು ಹತ್ತಿದ, ಕೀಲಿ ತಿರುಗಿಸಿದ, ಎಂಜಿನ್ ಶುರುವಾಯಿತು. ಆಮೇಲೆ ಹಾಗೇ ಇಳಿದು ಹೋದ.

ಹೋಗಿ ಗಾಡಿಯ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ತಲೆಯ ಮೇಲೆ ಎರಡೂ ಕೈ ಅಡ್ಡಡ್ಡ ಹಿಡಿದ. ಗಾಡಿ ಹಿಂದಕ್ಕೆ ತೆಗೆಯುವಾಗ ನಾನು ಇಪ್ಪತ್ತು ವರ್ಷ ಅವನಿಗೆ ಹಿಡಿದು ತೋರಿಸಿದ ಸನ್ನೆ, ‘ನಿಲ್ಲಿಸು’ ಎಂದು. ನಾನು ಕಿಟಕಿ ತೆಗೆದು ಕೂಗಿದೆ. “ಯಾರಿಗೆ ಕೈ ತೋರಿಸ್ತಿದೀಯ? ಓಡಿಸೋಕೆ ಇಲ್ಲಿ ಯಾರೂ ಇಲ್ಲ!” ಅವನು ಕೈ ಇಳಿಸಲಿಲ್ಲ. ತೋಳು ನಡುಗಲು ಶುರುವಾಯಿತು, ಆದರೂ ಇಳಿಸಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು ಸಾಕಾಗಿ ಪಕ್ಕಕ್ಕೆ ಸರಿದು ಅವನ ಸೀಟಿನಲ್ಲಿ, ಸ್ಟೇರಿಂಗ್ ಹಿಂದೆ ಕೂತೆ. ಆಗ ಕೈ ಇಳಿಸಿದ. ಎರಡೂ ಅಂಗೈ ತನ್ನ ಕಡೆಗೆ ಆಡಿಸಿದ, ಬಾ ಬಾ ಎಂದು.

ನಲವತ್ತು ಅಡಿ ಓಡಿಸಿದೆ. ರಾಯ್ಸ್‌ನ ಕಲ್ಲುಗಳಲ್ಲಿ ಏಳನ್ನು ಮಣ್ಣಿಗೆ ಹುಗಿದೆ. ಡೆಲ್ಮರ್ ಎಡಕ್ಕೆ ಎಂದು ಬಲಗೈ ಎತ್ತುತ್ತಾನೆ, ನಾನು ಬೈದರೆ ನನ್ನನ್ನೇ ಬೈಯುತ್ತಾನೆ. ರಾಕ್ಸಿ ಹತ್ತೊಂಬತ್ತಕ್ಕೆ ವಿಮಾನದಲ್ಲಿ ಬಂದು ನಮ್ಮ ಜೊತೆಯೇ ಗಾಡಿಯಲ್ಲಿ ಹೊರಡುತ್ತಾಳಂತೆ. ಅಷ್ಟರೊಳಗೆ ನಾನು ಆ ಘಾಟಿ ಇಳಿಯುವಷ್ಟು ಕಲಿಯಬೇಕು. ಕಲಿಸುವುದಕ್ಕೆ ಟೀಚರು ಬೇಕು. ಏಳನೇ ತಾರೀಕು ಗುರುವಾರ ಬಾ. ನಿನ್ನ ಬೀನ್ಸ್ ಪಾತ್ರೆಯೂ ಇದೆ. ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ, ಬಂದ ಮೇಲೆ ಎದುರಿಗೇ ತೀರಿಸುತ್ತೇನೆ.

ಒಂದು ಮಾತು. ಬೆಳಿಗ್ಗೆ ಅವನು ಗಾಡಿ ಕಟ್ಟುತ್ತಿರುವಾಗ ರಾಯ್ಸ್ ಎಲ್ಲಿ ಎಂದು ಮತ್ತೆ ಕೇಳಬಹುದು. ಮೊನ್ನೆ ನನ್ನನ್ನೂ ಕೇಳಿದ. ಕೋಪ ಮಾಡಿಕೊಳ್ಳಬೇಡ, ಸುಳ್ಳೂ ಹೇಳಬೇಡ. “ಮೊದಲು ಪಿನ್ನು ಹಾಕು, ಆಮೇಲೆ ಹೇಳ್ತೀನಿ” ಅನ್ನು.

ಲವಾನ್